ಮೈದಾನ್ ಹವಲ್ಲಿಯ ಗದ್ದೆ

ಸಾಲ್ಮಿಯಾ, ಕುವೈತ್
೯ ಸೆಪ್ಟೆಂಬರ್ ೨೦೨೫

ವಾರಿಜಕ್ಕನಿಗೆ ಪುಷ್ಪಳ ನಮಸ್ಕಾರ.

ಸುಖವಾಗಿ ಬಂದು ಮುಟ್ಟಿದೆ. ವಿಮಾನದಲ್ಲಿ ಕಿಟಕಿಯ ಸೀಟೇ ಸಿಕ್ಕಿತು. ಇಳಿಯುವ ಮೊದಲು ಬಗ್ಗಿ ನೋಡುತ್ತೇನೆ, ಕಣ್ಣು ಹೋದಷ್ಟು ದೂರ ಒಂದು ಹಸಿರು ಚುಕ್ಕೆಯಿಲ್ಲ. ನೆಲಕ್ಕೆಲ್ಲ ಹುರಿದ ರವೆಯ ಬಣ್ಣ. "ಇಲ್ಲಿ ಮನುಷ್ಯರು ಬದುಕುವುದಾದರೂ ಹೇಗೆ ದೇವರೇ" ಎಂದು ಜೋರಾಗಿಯೇ ಅಂದುಬಿಟ್ಟೆ. ಪಕ್ಕದಲ್ಲಿ ಉಳ್ಳಾಲದ ಪಾತುಂಞಿ ಎಂಬವಳು ಕೂತಿದ್ದಳು, ಮಗಳ ಬಾಣಂತನಕ್ಕೆ ಹೊರಟವಳು. ಅವಳು ನಕ್ಕು, "ಎಂತ ಹೆದರುದು ಅಕ್ಕ, ಮನೆ ಒಳಗೆ ಹೋದ್ರೆ ಕಂಬಳಿ ಹೊದ್ಕೊಳ್ಬೇಕು" ಅಂದಳು. ಅವಳು ಹೇಳಿದ್ದು ಸತ್ಯ. ಹೊರಗೆ ಕಾಲಿಟ್ಟರೆ ಕನ್ನಡಕಕ್ಕೆ ಮಂಜು ಕವಿದು ಎದುರಿಗಿದ್ದವರು ಕಾಣುವುದಿಲ್ಲ, ಒಳಗೆ ಬಂದರೆ ಸ್ವೆಟರ್ ಬೇಕು. ನಿನ್ನೆ ಮೊಮ್ಮಗಳು ದಿಯಾಳಿಂದ ಕಾಲುಚೀಲ ಸಾಲ ತೆಗೆದುಕೊಂಡೆ.

ಇನ್ನೊಂದು ಹೇಳುತ್ತೇನೆ, ನಂಬು. ಇಲ್ಲಿ ನದಿ ಇಲ್ಲ, ಕೆರೆ ಇಲ್ಲ, ಬಾವಿ ಇಲ್ಲ. ಸಮುದ್ರದ ನೀರನ್ನೇ ಕಾಯಿಸಿ, ಉಪ್ಪು ತೆಗೆದು, ಸಿಹಿ ಮಾಡಿ ನಲ್ಲಿಯಲ್ಲಿ ಬಿಡುತ್ತಾರಂತೆ. ಅಳಿಯ ಹೇಳಿದ ಮೇಲೆ ಅಡುಗೆಮನೆಗೆ ಹೋಗಿ ಒಂದು ಲೋಟ ಹಿಡಿದು ಕುಡಿದೆ. ಕುಡಿದು ಸಮುದ್ರ ನೋಡಿದೆ, ಬಾಲ್ಕನಿಯಿಂದ ಕಾಣುತ್ತದೆ. ಮತ್ತೆ ಲೋಟ ನೋಡಿದೆ. ಸುಪ್ರೀತಾ, "ಅಮ್ಮ, ನೀರು ಕುಡಿಲಿಕ್ಕೂ ಇಷ್ಟು ಹೊತ್ತಾ?" ಎಂದು ತಮಾಷೆ ಮಾಡಿದಳು. ಮಾಡಲಿ. ಇವರಿಗೆ ಅಭ್ಯಾಸವಾಗಿ ಹೋಗಿದೆ, ನನಗೆ ಇದು ಪವಾಡವೇ.

ಇಡೀ ಪೇಟೆಯ ಜನರನ್ನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಮಾತಾಡಿಸಿ ನಿವೃತ್ತಳಾದ ನನಗೆ ಸ್ವಂತ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುವ ಯೋಗವಿಲ್ಲ. ನಿನ್ನ ಮಗ ಲತೀಶ ತಂದುಕೊಟ್ಟ ಕಿವಿಯ ಯಂತ್ರ ಇನ್ನೂ ಕಪಾಟಿನಲ್ಲೇ ನಿದ್ದೆ ಮಾಡುತ್ತಿದೆಯಾ? ಇರಲಿ, ಕಾಗದವೇ ಸೈ. ಕೆಳಗಿನ ಅಂಗಡಿಯ ಅಬೂಬಕ್ಕರ್ ರಜೆಯಲ್ಲಿ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ಜೊತೆಗೆ ಒಂದು ಡಬ್ಬ ಖರ್ಜೂರ.

ಒಂದು ಮಾತು. ತಮ್ಮ ಇರುವುದೂ ಇಲ್ಲೇ, ಟ್ಯಾಕ್ಸಿ ಹತ್ತಿದರೆ ಸ್ವಲ್ಪ ದೂರ. ಕೋಪಿಸಬೇಡ, ತಿಳಿಸಿದೆ ಅಷ್ಟೆ.

ನಿನ್ನ
ಪುಷ್ಪ


ಸುರತ್ಕಲ್
೧೮ ಸೆಪ್ಟೆಂಬರ್ ೨೦೨೫

ಪುಷ್ಪಳಿಗೆ ಆಶೀರ್ವಾದ.

ಖರ್ಜೂರ ಮುಟ್ಟಿತು. ಬಹಳ ಸಿಹಿ, ಹಲ್ಲಿಗೆ ಅಂಟುತ್ತದೆ. ಇನ್ನು ಕಳಿಸಬೇಡ, ಲತೀಶನಿಗೆ ಸಕ್ಕರೆ ಕಾಯಿಲೆ.

ಸಮುದ್ರದ ನೀರು ಎಷ್ಟು ಸಿಹಿ ಮಾಡಿದರೂ ಕುದಿಸಿಯೇ ಕುಡಿ. ಅಲ್ಲಿ ಮೀನು ಯಾವುದು ಸಿಗುತ್ತದೆ ಎಂದು ಬರೆಯಲೇ ಇಲ್ಲ. ನಿನಗೆ ಬೇಕಾದ್ದು ಬಿಟ್ಟು ಉಳಿದದ್ದೆಲ್ಲ ಕಾಣುತ್ತದೆ. ಲತೀಶನ ಫ್ಲ್ಯಾಟಿನ ಲಿಫ್ಟು ಕೆಟ್ಟಿದೆ, ನಾನು ಹೊರಗೆ ಹೋಗಿಲ್ಲ.

ಕಿವಿಯ ಯಂತ್ರ ಹಾಕಿದರೆ ಪಾತ್ರೆಯ ಸದ್ದೆಲ್ಲ ತಲೆಯೊಳಗೆ ಬೀಳುತ್ತದೆ. ಅದು ಕಪಾಟಿನಲ್ಲೇ ಕ್ಷೇಮ.

ಮಗಳ ಮನೆಗೆ ಹೋದವಳು ಮಗಳ ಮನೆಯಲ್ಲಿರು. ಆ ಮೈದಾನ್ ಹವಲ್ಲಿ ಕಡೆ ತಲೆ ಹಾಕುವುದು ಬೇಡ. ಎಲೆಯ ಮುಂದಿನಿಂದ ಎದ್ದು ಹೋದವನ ಸುದ್ದಿ ನನಗೆ ಬೇಕಾಗಿಲ್ಲ.

ವಾರಿಜಕ್ಕ


ಸಾಲ್ಮಿಯಾ
೨೮ ಸೆಪ್ಟೆಂಬರ್ ೨೦೨೫

ಅಕ್ಕಾ,

ಮೊದಲು ಮೀನು. ನಮ್ಮ ಮಾಂಜಿಯೇ ಇಲ್ಲಿಯೂ ರಾಜ, ಝುಬೈದಿ ಎನ್ನುತ್ತಾರೆ. ಮೀನಿನ ಮಾರ್ಕೆಟ್ಟಿನ ನೆಲ ಆಸ್ಪತ್ರೆಯ ಹಾಗೆ ತೊಳೆದಿದೆ. ಬೂತಾಯಿ ಕಂಡು ನನಗೆ ನಮ್ಮೂರಿನವರೇ ಸಿಕ್ಕಿದಷ್ಟು ಸಂತೋಷವಾಯಿತು.

ಈಗ ನೀನು ಬೈಯುವ ವಿಷಯ. ದಿಯಾಳನ್ನು ಕರೆದುಕೊಂಡು ಮೈದಾನ್ ಹವಲ್ಲಿಗೆ ಹೋಗಿದ್ದೆ. ಅಕ್ಕಾ, ಅವನಿರುವ ಜಾಗದ ಹೆಸರನ್ನು ನಾನು ನಿನಗೆ ಯಾವತ್ತೂ ಹೇಳಿರಲಿಲ್ಲ. ಸುದ್ದಿ ಬೇಡದವಳಿಗೆ ಅದು ಹೇಗೆ ಗೊತ್ತು?

ಹಳೆಯ ಕಟ್ಟಡ, ಗೋಡೆಗೆ ಸಾಲುಸಾಲಾಗಿ ಎಸಿಗಳು ಅಂಟಿಕೊಂಡಿವೆ. ಅವನ ಹೆಂಡತಿ ಮರ್ಸಿ ಬಾಗಿಲಲ್ಲೇ ನಿಂತಿದ್ದಳು. ಈಗಲೂ ಆಸ್ಪತ್ರೆಯಲ್ಲಿ ನರ್ಸು, ಕೂದಲು ಪೂರ್ತಿ ಬಿಳಿಯಾಗಿದೆ. "ಬನ್ನಿ ಅಕ್ಕ, ನಿಮ್ಮ ತಮ್ಮ ಗದ್ದೆಯಲ್ಲಿ ಇದ್ದಾರೆ" ಅಂದಳು. ತಮಾಷೆ ಎಂದುಕೊಂಡೆ. ಅವಳು ಅಡುಗೆಮನೆಯ ಹಿಂದಿನ ಬಾಗಿಲು ತೆಗೆದಳು.

ಏನೆಂದು ಬರೆಯಲಿ! ಕೆಳಗಿನ ಅಂಗಡಿಯ ತಾರಸಿ ಅವರ ಮನೆಯ ಮಟ್ಟಕ್ಕೆ ಬರುತ್ತದೆ. ಆ ತಾರಸಿಯ ಮೇಲೆ ಸ್ನಾನದ ತೊಟ್ಟಿ, ಬಣ್ಣದ ಡಬ್ಬ, ಮೀನಿನವರ ಥರ್ಮೋಕೋಲ್ ಪೆಟ್ಟಿಗೆ. ಅವುಗಳ ತುಂಬ ಕೆಸರು. ಕೆಸರಿನಲ್ಲಿ ಭತ್ತದ ಪೈರು! ಮೊಣಕಾಲೆತ್ತರ, ಗಿಳಿಹಸಿರು. ಮೇಲಿನ ಎಲ್ಲ ಮನೆಗಳ ಎಸಿ ಪೈಪುಗಳನ್ನು ಸೇರಿಸಿ ಒಂದು ಕೊಳವೆಗೆ ತಂದಿದ್ದಾನೆ, ಅದರಿಂದ ಟಪ್ ಟಪ್ ಎಂದು ನೀರು ತೊಟ್ಟಿಗೆ ಬೀಳುತ್ತದೆ. ಇಡೀ ಕಟ್ಟಡ ಬೆವರಿದ್ದೆಲ್ಲ ಇವನ ಗದ್ದೆಗೆ. ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ಕಳೆ ಹಿಡಿದು ನಿಂತಿದ್ದ ನಮ್ಮ ರೋಹಿದಾಸ. ಬೆಳಿಗ್ಗೆ ಎಸಿ ಕಂಪನಿಯ ಗೋದಾಮು ನೋಡಿಕೊಳ್ಳುವವನು, ಸಂಜೆ ಹೀಗೆ. "ಪುಷ್ಪಕ್ಕಾ, ಕಾಲು ಜಾಗ್ರತೆ, ಪೈಪ್ ಉಂಟು" ಅಂದ. ಇಷ್ಟು ವರ್ಷದ ಮೇಲೆ ಮುಖ ನೋಡಿದಾಗ ಅವನು ಆಡಿದ ಮೊದಲ ಮಾತು ಅದು.

ನಾನು ಅತ್ತುಬಿಟ್ಟೆ. ಅವನನ್ನು ನೋಡಿಯೋ ಪೈರು ನೋಡಿಯೋ ಗೊತ್ತಿಲ್ಲ. ಆ ರವೆಯಂಥ ನೆಲ, ಆ ಬಿಸಿಲು, ಅದರ ನಡುವೆ ಬಾಗಿ ಮೂಗು ಹತ್ತಿರ ಹಿಡಿದರೆ ನಮ್ಮ ಗದ್ದೆಯ ವಾಸನೆ. ದಿಯಾ ಎಲೆ ಮುಟ್ಟಿ, "ಅಜ್ಜಿ, ಇಸ್ ದಿಸ್ ರಿಯಲ್ ರೈಸ್?" ಎಂದಳು. ಹೌದು ಮಗಳೇ, ಸಾಕ್ಷಾತ್ ಅನ್ನ.

ಬೀಜ ಎಲ್ಲಿಂದ ಬಂತು ಗೊತ್ತುಂಟಾ? ಮರ್ಸಿಯ ಜನರಿಗೂ ಹೊಸ ಅಕ್ಕಿಯ ಹಬ್ಬವಿದೆಯಲ್ಲ, ಸೆಪ್ಟೆಂಬರಿನ ಮೊಂತಿ ಹಬ್ಬ. ಇಗರ್ಜಿಯಲ್ಲಿ ಪಾದ್ರಿ ಆಶೀರ್ವದಿಸಿದ ತೆನೆಯನ್ನು ಮನೆಯಲ್ಲಿಲ್ಲದವರಿಗೂ ಪಾಲು ಎಂದು ಲಕೋಟೆಯಲ್ಲಿಟ್ಟು ಕಳಿಸುತ್ತಾರೆ. ಶಿರ್ವದಿಂದ ಅವಳ ಅಣ್ಣ ಒಂದು ವರ್ಷವೂ ತಪ್ಪಿಸಿಲ್ಲ. ಆ ಲಕೋಟೆಯ ಕಾಳುಗಳನ್ನು ಇವನು ಎತ್ತಿಟ್ಟು ಬಿತ್ತಿದ್ದು. "ನನ್ನ ಪಾಲು ತಿಂದು ಗದ್ದೆ ಮಾಡಿದ ಮನುಷ್ಯ" ಎಂದು ಅವಳು ನಗುತ್ತಾಳೆ.

ಇನ್ನು ನೀನು ಬೈಯಬಹುದು.

ಪುಷ್ಪ


ಸುರತ್ಕಲ್
೧೧ ಅಕ್ಟೋಬರ್ ೨೦೨೫

ಪುಷ್ಪ,

ಉಪ್ಪಿನಕಾಯಿ ಕಳಿಸಿದ್ದೇನೆ. ಭರಣಿಗೆ ಒದ್ದೆ ಚಮಚ ಹಾಕಬೇಡಿ ಎಂದು ಸುಪ್ರೀತಾಳಿಗೆ ಹೇಳು. ಲಿಫ್ಟು ಸರಿಯಾಯಿತು. ಕೆಳಗೆ ಹೋಗಿ ಬಂದೆ, ನೋಡುವಂಥದ್ದು ಏನೂ ಇರಲಿಲ್ಲ.

ಮಗುವಿಗೆ ಕನ್ನಡ ಕಲಿಸು. ಅಕ್ಕಿಗೆ ರೈಸ್ ಎನ್ನುವುದು ಚಂದವಲ್ಲ.

ಬೇಡವೆಂದ ಸುದ್ದಿಯನ್ನೇ ಎರಡು ಪುಟ ಬರೆದಿದ್ದೀಯ. ನಾನು ಓದಿಲ್ಲ.

ತೊಟ್ಟಿಯಲ್ಲಿ ನೀರು ಯಾವಾಗಲೂ ನಿಲ್ಲಬಾರದು, ನಡುನಡುವೆ ಬತ್ತಿಸಬೇಕು, ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ಹೊಡೆ ಬಂದು ತೆನೆ ಹೊರಡುವ ಹೊತ್ತಿಗೆ ಮಾತ್ರ ನೀರು ತಪ್ಪಕೂಡದು. ಇದು ಯಾರಿಗಾದರೂ ಗೊತ್ತಿರಬೇಕಾದ ವಿಷಯ, ಯಾರಿಗೂ ಹೇಳು ಎಂದು ಬರೆದದ್ದಲ್ಲ.

ವಾರಿಜಕ್ಕ


ಸಾಲ್ಮಿಯಾ
೨೫ ಅಕ್ಟೋಬರ್ ೨೦೨೫

ಓದದೆ ಉತ್ತರ ಬರೆಯುವ ಅಕ್ಕನಿಗೆ ನಮಸ್ಕಾರ.

ಯಾರಿಗೂ ಹೇಳಬಾರದ್ದನ್ನು ಹೇಳಿದೆ. ಅವನು ಕಾಗದವನ್ನು ಕೈಗೆ ತೆಗೆದುಕೊಂಡು ನಿನ್ನ ಅಕ್ಷರ ನೋಡಿದ. ಓದಿದ್ದಕ್ಕಿಂತ ನೋಡಿದ್ದೇ ಹೆಚ್ಚು. ಮಾರನೆಯ ದಿನ ಹೋದರೆ ತೊಟ್ಟಿಗಳ ನೀರು ಬತ್ತಿಸಿದ್ದ.

ಬಿಸಿಲು ಈಗ ತಗ್ಗಿದೆ. ಸಂಜೆ ಸಮುದ್ರದ ಬದಿ ನಡೆಯುತ್ತೇನೆ. ಇಳಿತದ ಹೊತ್ತಿಗೆ ನೀರು ಹಿಂದೆ ಹಿಂದೆ ಸರಿದು ಸಮುದ್ರದ ತಳವೇ ಬಯಲಾಗುತ್ತದೆ, ಕಪ್ಪು ಬಂಡೆ, ಪಾಚಿ, ಏಡಿ. ನಮ್ಮ ಸಮುದ್ರ ಯಾವತ್ತಾದರೂ ಹೀಗೆ ತನ್ನ ಹೊಟ್ಟೆ ತೋರಿಸಿದ್ದುಂಟಾ? ಬಾಯಿ ತೆರೆದು ನಿಲ್ಲುತ್ತೇನೆ. ನಡೆಯುವವರು ನನ್ನನ್ನು ಸುತ್ತಿ ಹೋಗುತ್ತಾರೆ.

ಶುಕ್ರವಾರ ಪೈರು ಹೂ ಬಿಟ್ಟಿತು. ಧೂಳಿನಷ್ಟು ಸಣ್ಣ ಹೂ, ಬೆಳಿಗ್ಗೆ ತೆರೆದು ಮಧ್ಯಾಹ್ನಕ್ಕೆ ಮುಚ್ಚುತ್ತದೆ. ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ಕಟ್ಟಡ ಕಾಯುವ ಈಜಿಪ್ಟಿನವನೂ ಬಂದಿದ್ದ, ಅವನ ಊರಲ್ಲೂ ಭತ್ತವಂತೆ. "ಮಾಶಾಲ್ಲಾ" ಎಂದು ಮೆಲ್ಲನೆ ಹೇಳಿ ಬೀದಿಯ ಕಡೆಗಿನ ಪರದೆ ಎಳೆದ, ಗಾಳಿ ತಾಗಬಾರದೆಂದು. ಹೆಚ್ಚಿನ ವರ್ಷ ಸೆಖೆಗೆ ಬರೀ ಜೊಳ್ಳಂತೆ. ಈ ಸಲ ತಡವಾಗಿ ಬಿತ್ತಿದ್ದರಿಂದ ಕಾಳು ಕಟ್ಟಬಹುದು ಎಂಬ ಆಸೆ.

"ಹಾಗಾದರೆ ಈ ಸಲ ಹೊಸ ಊಟ ಇಲ್ಲೇ" ಅಂದೆ. ಅವನು ಕಳೆ ಕೀಳಲು ಬಗ್ಗಿದ. ಮರ್ಸಿ ಅಂದಳು: "ಇವರು ಉಣ್ಣುದಿಲ್ಲ ಅಕ್ಕ. ಎರಡು ವರ್ಷ ಸ್ವಲ್ಪ ಕಾಳು ಆಗಿತ್ತು, ಪಾಯಸ ಮಾಡಿದೆ. ನಾನು ತಿಂದೆ. ಇವರು ಎಲೆ ಎದುರು ಕೂತು, ಊರಿನ ಕಡೆ ಮುಖ ಮಾಡಿ, 'ಅಕ್ಕಾ, ಹೊಸತು ಉಣ್ತೇನೆ' ಅಂತ ಹೇಳ್ತಾರೆ. ಮತ್ತೆ ಕಾಯ್ತಾರೆ. ಮತ್ತೆ ಎದ್ದು ಹೋಗಿ ಗುಬ್ಬಿಗೆ ಹಾಕ್ತಾರೆ."

ದಿಯಾಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ: ನಮ್ಮಲ್ಲಿ ಹೊಸ ಅಕ್ಕಿಯ ಊಟಕ್ಕೆ ಕೂತಾಗ ಕಿರಿಯರು ಹಿರಿಯರಿಗೆ 'ಹೊಸತು ಉಣ್ತೇನೆ' ಎಂದು ಹೇಳಬೇಕು. ಹಿರಿಯರು 'ಉಣ್ಣು' ಅಂದ ಮೇಲೆಯೇ ಮೊದಲ ತುತ್ತು.

ಆಮೇಲೆ ಅವನೇ ಬಾಯಿ ಬಿಟ್ಟ. ರಜೆಯಲ್ಲಿ ಬಂದಿದ್ದ ಆ ವರ್ಷ, ಹೊಸ ಊಟದ ಮುನ್ನಾದಿನ, ಮರ್ಸಿಯನ್ನು ಮದುವೆಯಾಗುತ್ತೇನೆ ಎಂದು ನಿನಗೆ ಹೇಳಿದನಂತೆ. ನೀನು "ನಾಳೆ ಮಾತಾಡುವ" ಅಂದೆಯಂತೆ. ಮಾರನೆಯ ದಿನ ಎಲೆ ಹಾಕಿದಾಗ, "ಅಕ್ಕಾ, ಹೊಸತು ಉಣ್ತೇನೆ" ಅಂದ. ನೀನು ಮಾತಾಡಲಿಲ್ಲ. ಮತ್ತೊಮ್ಮೆ ಅಂದ. ನೀನು ಅವನ ಕಡೆ ತಿರುಗಲೂ ಇಲ್ಲ. "ಊಟಕ್ಕೆ ಕೂತವನಿಗೆ ಉಣ್ಣು ಅನ್ನದಿದ್ರೆ ಏಳು ಅಂತಲೇ ಅಲ್ವಾ ಪುಷ್ಪಕ್ಕ?" ಎಂದು ಕೇಳಿದ. ಆ ದಿನ ನಾನು ಎಕ್ಸ್‌ಚೇಂಜಿನಲ್ಲಿ ಡ್ಯೂಟಿಯಲ್ಲಿದ್ದೆ, ಬರುವಾಗ ಎಲ್ಲ ಮುಗಿದಿತ್ತು.

ಅಕ್ಕಾ, ನೀನು ಯಾಕೆ ಉತ್ತರ ಕೊಡಲಿಲ್ಲ?

ಪುಷ್ಪ


ಸುರತ್ಕಲ್
೩ ನವೆಂಬರ್ ೨೦೨೫

ಪುಷ್ಪ,

ಅವನು ಕೇಳಲೇ ಇಲ್ಲ.

ನಾನು ಕಾಯುತ್ತಾ ಇದ್ದೆ. ಮುನ್ನಾದಿನ ಅವನು ಹೇಳಿದ್ದಕ್ಕೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ರಾತ್ರಿಯಿಡೀ ಯೋಚಿಸಿ, ಬೇರೆ ಜಾತಿಯವಳಾದರೇನು, ಊಟವಾದ ಮೇಲೆ ಹುಡುಗಿಯನ್ನು ಕರೆದುಕೊಂಡು ಬಾ ಎನ್ನುವ ಎಂದುಕೊಂಡೆ. ಅವನು 'ಹೊಸತು ಉಣ್ತೇನೆ' ಎನ್ನಲಿ ಎಂದು ಎಲೆ ನೋಡಿಕೊಂಡು ಕೂತಿದ್ದೆ. ಅವನು ತುಟಿ ಬಿಚ್ಚದೆ ಎದ್ದು ಹೋದ. ಹೊಸ ಅಕ್ಕಿಯ ಎಲೆ ಬಿಟ್ಟು ಎದ್ದ ಮನುಷ್ಯನನ್ನು ನಮ್ಮ ಕುಟುಂಬದಲ್ಲಿ ಅದುವರೆಗೆ ಯಾರೂ ನೋಡಿರಲಿಲ್ಲ. ಸಾಲಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು.

ಈಗ ಕೇಳಿದ್ದೆ ಎನ್ನುತ್ತಾನಾ? ಗುಬ್ಬಿಗಳ ಮುಂದೆ ಕೇಳಿರಬೇಕು.

ಇನ್ನು ಈ ವಿಷಯ ಎತ್ತಬೇಡ.

ವಾರಿಜಕ್ಕ


ಸಾಲ್ಮಿಯಾ
೧೩ ನವೆಂಬರ್ ೨೦೨೫

ಅಕ್ಕಾ,

ಎತ್ತುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ.

ನಿನ್ನ ಕಾಗದ ಓದಿ ಮಧ್ಯಾಹ್ನ ಇಡೀ ಸಮುದ್ರದ ಬದಿಯ ಕಲ್ಲುಬೆಂಚಿನಲ್ಲಿ ಕೂತಿದ್ದೆ. ಒಬ್ಬಳು ಕೇಳಲಿಲ್ಲ ಎನ್ನುತ್ತಾಳೆ, ಒಬ್ಬ ಹೇಳಿದೆ ಎನ್ನುತ್ತಾನೆ. ನೀವಿಬ್ಬರೂ ಸುಳ್ಳು ಹೇಳುವ ಜಾತಿಯಲ್ಲ. ಹಟ ಮಾತ್ರ ಬೇಕಾದಷ್ಟು.

ಸಂಜೆ ಮೈದಾನ್ ಹವಲ್ಲಿಗೆ ಹೋಗಿ ಅವನನ್ನು ಒಂದೇ ಪ್ರಶ್ನೆ ಕೇಳಿದೆ, ಅಕ್ಕನ ಯಾವ ಬದಿಗೆ ಕೂತಿದ್ದೆ ಎಂದು. ಅವನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. "ಎಡಕ್ಕೆ. ಅಕ್ಕನ ಎಡದಲ್ಲಿ ನಾನು, ನನ್ನ ಆಚೆ ಲತೀಶ" ಅಂದ.

ಅಕ್ಕಾ, ಅದು ಸುಪ್ರೀತಾ ಒಂದನೇ ಕ್ಲಾಸಿಗೆ ಸೇರಿದ ವರ್ಷ. ಆ ವರ್ಷವೇ ನಾನು ಎಕ್ಸ್‌ಚೇಂಜಿನಿಂದ ನಿನಗೆ ಫೋನು ಮಾಡಿದಾಗಲೆಲ್ಲ ನೀನು, "ಹಲೋ, ಹಲೋ, ಎಂತ ಕೇಳುದಿಲ್ಲ" ಎನ್ನುತ್ತಿದ್ದೆ. ಆಮೇಲೆ ರಿಸೀವರು ಬದಲಾಯಿಸುವ ಟಕ್ ಎಂಬ ಸದ್ದು. ಆಮೇಲೆ, "ಹಾಂ, ಈಗ ಹೇಳು." ಪ್ರತಿ ಸಲವೂ ಹೀಗೇ. ನಾನು ಲೈನು ಕೆಟ್ಟಿದೆ ಎಂದು ಲೈನ್‌ಮ್ಯಾನನ್ನು ಎರಡು ಸಲ ಕಂಬ ಹತ್ತಿಸಿದ್ದೆ. ಪಾಪ, ಅವನು ಏನೂ ತೊಂದರೆಯಿಲ್ಲ ಮೇಡಂ ಎಂದು ಬಡಿದುಕೊಂಡಿದ್ದ. ಕೆಟ್ಟದ್ದು ಲೈನಲ್ಲ. ಆಗಲೇ ನಿನ್ನ ಎಡಗಿವಿ ಹೋಗಿತ್ತು, ಯಾರಿಗೂ ತಿಳಿಯಬಾರದೆಂದು ಬಲಗಿವಿಯಲ್ಲಿ ಸಂಸಾರ ನಡೆಸುತ್ತಿದ್ದೆ.

ಅವನು ಕೇಳಿದ್ದ ಅಕ್ಕಾ. ಎರಡು ಸಲ ಕೇಳಿದ್ದ.

ನಾನು ಇದನ್ನು ಹೇಳಿದಾಗ ಅವನು ಕೈಯ ಕೆಸರನ್ನು ಕೊಳವೆಯ ನೀರಿಗೆ ಹಿಡಿದು ತೊಳೆದ. ಆಮೇಲೆ, "ಅಕ್ಕ ನನ್ನನ್ನು ಎಬ್ಬಿಸ್ಲಿಲ್ಲ ಹಾಗಾದ್ರೆ" ಅಂದ. ಅದನ್ನೇ ಮತ್ತೆ ಮತ್ತೆ ಹೇಳಿದ, ಮರ್ಸಿಗೆ ಒಮ್ಮೆ, ನನಗೆ ಒಮ್ಮೆ, ಸುಮ್ಮನೆ ಗಾಳಿಗೆ ಒಮ್ಮೆ. ಅರವತ್ತು ದಾಟಿದ ಮನುಷ್ಯ, ಮುಖ ಮಾತ್ರ ಜ್ವರ ಬಿಟ್ಟ ಮಗುವಿನ ಹಾಗೆ ಬೆಳಗಿತ್ತು. ನಾನು ಈ ದೇಶದಲ್ಲಿ ಬೇಕಾದಷ್ಟು ಅಚ್ಚರಿ ಕಂಡೆ. ಆ ಮುಖಕ್ಕೆ ಸಮನಾದದ್ದು ಕಾಣಲಿಲ್ಲ.

ತೆನೆ ಬಾಗಿದೆ. ಬೆರಳಲ್ಲಿ ಹಿಸುಕಿ ನೋಡಿದೆವು, ಹಾಲು ತುಂಬಿ ಗಟ್ಟಿಯಾಗುತ್ತಿದೆ. ಜೊಳ್ಳಲ್ಲ, ಕಾಳು! ಇಪ್ಪತ್ತೆಂಟನೇ ತಾರೀಕು ಶುಕ್ರವಾರ ಎಲ್ಲರಿಗೂ ರಜೆ, ಅಂದು ಕೊಯ್ಯುತ್ತೇವೆ. ಡಿಸೆಂಬರ್ ಮೊದಲ ವಾರಕ್ಕೆ ನನ್ನ ವೀಸಾ ಮುಗಿಯುತ್ತದೆ, ಆಮೇಲೆ ನಾನು ಇಲ್ಲಿರುವುದಿಲ್ಲ. ಅವನು ನಿನ್ನ ಮಾತಿಲ್ಲದೆ ಉಣ್ಣುವುದಿಲ್ಲ, ನನಗೆ ಗೊತ್ತು. ನಾನೂ ಅವನಿಗೆ ಅಕ್ಕನೇ, ನಾನು ಹೇಳಿದರೆ ಸಾಲದಾ ಎಂದು ಕೇಳಿದೆ. ನಕ್ಕು, "ನಿಮ್ಮದು ಆಮೇಲೆ" ಅಂದ.

ಒಂದೇ ಒಂದು ಶಬ್ದ ಸಾಕು. ಫೋನಿನಲ್ಲಿ ಬೇಡ, ನಿನ್ನ ಅಕ್ಷರದಲ್ಲಿ ಬರಲಿ.

ಪುಷ್ಪ


ಸಾಲ್ಮಿಯಾ
೨೩ ನವೆಂಬರ್ ೨೦೨೫

ಅಕ್ಕಾ,

ನಿನ್ನಿಂದ ಕಾಗದವಿಲ್ಲ. ಸಿಟ್ಟೋ, ಕೈನೋವೋ? ಲತೀಶನಿಗೆ ಫೋನು ಮಾಡಿದೆ. "ಅಮ್ಮ ಕಪಾಟು ಅಗೆದು ಹಾಕ್ತಾ ಇದ್ದಾರೆ ಚಿಕ್ಕಮ್ಮ, ಎಂತ ಹುಡುಕುದು ಅಂತ ಹೇಳುದಿಲ್ಲ" ಅಂದ.

ಇಲ್ಲಿ ಮೊನ್ನೆ ಮಳೆ ಬಂತು! ಕುವೈತಿನಲ್ಲಿ ಮಳೆ. ರಸ್ತೆಯಲ್ಲಿ ಜನರು ಕಾರು ನಿಲ್ಲಿಸಿ ಕೈ ಹೊರಗೆ ಚಾಚುತ್ತಿದ್ದರು, ನನ್ನ ವಯಸ್ಸಿನವರು ಕೂಡ. ತಮ್ಮ ಮಾತ್ರ ಪ್ಲಾಸ್ಟಿಕ್ ಹಾಳೆ ಹಿಡಿದು ತೆನೆಗಳ ಮೇಲೆ ನಿಂತಿದ್ದ, ತಾನೇ ಒದ್ದೆಯಾಗುತ್ತ. ಹಣ್ಣಾದ ಪೈರಿಗೆ ಮಳೆ ಆಗದು ಎಂದು ನಿನಗೆ ಹೇಳಬೇಕಾಗಿಲ್ಲ. ಒಂದು ಕಾಳೂ ಉದುರಲಿಲ್ಲ. ಈಗ ಗದ್ದೆ ಪೂರ್ತಿ ಬಂಗಾರದ ಬಣ್ಣ. ಬೀದಿಯ ಮಕ್ಕಳೆಲ್ಲ ಮೆಟ್ಟಿಲು ಹತ್ತಿ ಬಂದು ಇಣುಕಿ ಹೋಗುತ್ತಾರೆ.

ಮರ್ಸಿ ಬಾಳೆಲೆಗೆ ಹೇಳಿದ್ದಾಳೆ. ನಾವು ಆರು ಎಲೆ ಹಾಕುತ್ತೇವೆ, ಮತ್ತೊಂದು ನಿನ್ನ ಹೆಸರಿನದು.

ಇದನ್ನು ಲತೀಶ ನಿನಗೆ ಮೊಬೈಲಿನಲ್ಲಿ ತೋರಿಸುತ್ತಾನೆ, ಕಾಗದ ಹೊರುವವರಿಗೆ ಕಾಯಲು ಸಮಯವಿಲ್ಲ. ಕ್ಷಮಿಸು.

ಪುಷ್ಪ


ಸುರತ್ಕಲ್
೨೫ ನವೆಂಬರ್ ೨೦೨೫

ಚಿರಂಜೀವಿ ರೋಹಿದಾಸನಿಗೆ,

ಲತೀಶನ ಸ್ನೇಹಿತ ನಾಳೆ ವಿಮಾನ ಹತ್ತುತ್ತಾನೆ, ಗುರುವಾರ ನಿನ್ನ ಬಾಗಿಲಿಗೇ ಬಂದು ಇದನ್ನು ಕೊಡಬೇಕೆಂದು ಹೇಳಿದ್ದೇನೆ. ಲಕೋಟೆಯೊಳಗೆ ಒಂದು ತೆನೆಯಿದೆ. ಈ ವರ್ಷ ಇಲ್ಲಿಯ ಬಾಗಿಲಿಗೆ ಕಟ್ಟಿದ್ದರಲ್ಲಿ ಬಿಚ್ಚಿದ್ದು. ಇಲ್ಲದವರಿಗೂ ಪಾಲು ಕಳಿಸುವ ಮರ್ಸಿಯ ಅಣ್ಣನ ಪದ್ಧತಿ ಒಳ್ಳೆಯದು, ನಮ್ಮಲ್ಲಿಯೂ ಇರಬೇಕಿತ್ತು.

ಹೊಸ ಅಕ್ಕಿ ಸ್ವಲ್ಪವೇ ಇದ್ದರೆ ಹಳೆಯ ಅಕ್ಕಿಯ ಮಡಕೆಗೆ ಹಾಕು, ಎಲ್ಲರಿಗೂ ಬರುತ್ತದೆ. ಕಟ್ಟಡ ಕಾಯುವವನಿಗೂ ಬಡಿಸು. ಮುಂದಿನ ವರ್ಷಕ್ಕೆ ಬೀಜ ಎತ್ತಿಡಲು ಮರೆಯಬೇಡ. ಮರ್ಸಿ ನನ್ನನ್ನು ಇನ್ನೂ ಏನೂ ಕೇಳಿಲ್ಲ. ಅವಳು ಕೇಳಲಿ, ಅವಳಿಗೂ ಹೇಳುತ್ತೇನೆ.

ಕಿವಿಯ ಯಂತ್ರ ಕಪಾಟಿನ ತಳದಲ್ಲಿ ಸಿಕ್ಕಿತು. ಪಾತ್ರೆಗಳ ಸದ್ದು ಸಹಿಸಿಕೊಂಡು ಎರಡು ದಿನದಿಂದ ಅಭ್ಯಾಸ ಮಾಡುತ್ತಿದ್ದೇನೆ. ಈಗ ಬಲಗಿವಿಗೆ ಸುಮಾರಾಗಿ ಕೇಳುತ್ತದೆ. ಎಡದ್ದು ಇಲ್ಲ, ಅದು ಹೋಗಿ ಬಹಳ ಕಾಲವಾಯಿತು.

ಉಣ್ಣು ಮಗಾ. ಹೊಟ್ಟೆ ತುಂಬ ಉಣ್ಣು.

ಊರಿಗೆ ಬಾ. ಬಂದಾಗ ನನ್ನ ಬಲಕ್ಕೆ ಕೂತುಕೋ.

ನಿನ್ನ ಅಕ್ಕ
ವಾರಿಜ